ಹೊಟ್ಟೆಯ ತಪ್ಪೋ, ಊರಿನ ತಪ್ಪೋ?

2016ರ ಜುಲೈ ತಿಂಗಳ ಮುಂಗಡಪತ್ರದಲ್ಲಿ ಕೇರಳದ ಅಂದಿನ ಅರ್ಥಸಚಿವ ಡಾ. ಟಿ.ಎಂ. ಥೋಮಸ್ ಐಸಾಕ್ ಅವರು ಬರ್ಗರ್, ಪಿಜ್ಜಾ ಮುಂತಾದ ತಿನಿಸುಗಳ ಮೇಲೆ ಶೇಕಡಾ 14.5ರ ತೆರಿಗೆ ಹಾಕಿದ್ದನ್ನು ಓದುಗರು ಮರೆತಿರಲಾರರು. 'ಕೊಬ್ಬಿನ ತೆರಿಗೆ' ಎಂದು ಅದಕ್ಕೆ ಹೆಸರೂ ಬಿತ್ತು. ಆದರೆ ಅದು ತಾಗಿದ್ದು ಹೆಸರಾಂತ ಕಂಪೆನಿಗಳ ಹೋಟೆಲುಗಳಿಗೆ ಮಾತ್ರ. ನಮ್ಮ ಉಪ್ಪಳ, ಬದಿಯಡ್ಕ, ಮುಳ್ಳೇರಿಯದ ಪೇಟೆಗಳಲ್ಲಿ ಜನ ತಿನ್ನುವುದು ಮೈದಾದ ಪರೋಟ, ಬೇಕರಿಯ ಪಫ್ಸು, ಎಣ್ಣೆಯಲ್ಲಿ ಮಿಂದೆದ್ದ ಬಾಳೆಹಣ್ಣಿನ ಪೋಡಿ. ಅವುಗಳ ಗೊಡವೆಗೆ ಯಾರೂ ಹೋಗಲಿಲ್ಲ. ಮರುವರ್ಷ ಜುಲೈ 1ರಂದು ಸರಕು ಸೇವಾ ತೆರಿಗೆ ಬಂತು, ಕೊಬ್ಬಿನ ತೆರಿಗೆ ಹೋಯಿತು, ಕೊಬ್ಬು ಉಳಿಯಿತು.

ಉಳಿದುದಷ್ಟೇ ಅಲ್ಲ, ಬೆಳೆಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಕೇರಳದ ಹೆಂಗಸರಲ್ಲಿ ಶೇ. 32.4 ಮಂದಿ ಮಿತಿಮೀರಿದ ತೂಕದವರಾಗಿದ್ದರು. 2019-21ರ ಹೊತ್ತಿಗೆ ಅದು 38.1ಕ್ಕೇರಿತು. ಗಂಡಸರಲ್ಲಿ 28.5 ಇದ್ದುದು 36.4 ಆಯಿತು. ಇಡೀ ದೇಶದ ಲೆಕ್ಕ ಹಿಡಿದರೆ ಹೆಂಗಸರಲ್ಲಿ 24, ಗಂಡಸರಲ್ಲಿ ಹೆಚ್ಚುಕಡಿಮೆ 23.

ಇದಕ್ಕೆ ಸಿಗುವ ಸುಲಭದ ವಿವರಣೆ ಎಲ್ಲರಿಗೂ ಗೊತ್ತು: ಜನರಿಗೆ ನಾಲಿಗೆ ಚಪಲ, ಮೈಗಳ್ಳತನ. ಕಳೆದ ವರ್ಷ ಒಂದು ಕಚೇರಿಯಿಂದ ನಮ್ಮ ಶಾಲೆಗೆ ಬಂದ ಕರಪತ್ರದಲ್ಲೂ ಇದೇ ಉಪದೇಶವಿತ್ತು. ಅದು ಮಲಯಾಳದಲ್ಲಿ ಮಾತ್ರವಿದ್ದುದರಿಂದ ನಾವೇ ಕನ್ನಡಿಸಿ ತರಗತಿಯಲ್ಲಿ ಓದಿದೆವು. ಹಣ್ಣು ತಿನ್ನಿ, ತರಕಾರಿ ತಿನ್ನಿ, ದಿನವೂ ನಡೆಯಿರಿ. ಓದಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಎಲ್ಲಿ ನಡೆಯುವುದು ಸಾರ್?" ಎಂದಳು. ತರಗತಿ ನಕ್ಕಿತು. ನಮಗೆ ನಗು ಬರಲಿಲ್ಲ.

ಅವಳ ಮನೆ ಇರುವುದು ಹೆದ್ದಾರಿಯ ಆಚೆ ಬದಿಗೆ. ತಲಪಾಡಿಯಿಂದ ತೆಂಕಕ್ಕೆ ಆರು ಪಥಗಳಾಗಿ ಅಗಲಗೊಂಡ ರಾಷ್ಟ್ರೀಯ ಹೆದ್ದಾರಿ 66 ಊರನ್ನು ಎರಡು ಹೋಳಾಗಿಸಿದೆ. ಹಿಂದೆ ಕೂಗಳತೆಯಲ್ಲಿದ್ದ ಅಂಗಡಿಗೆ ಈಗ ಅಡಿಸೇತುವೆ ಹುಡುಕಿಕೊಂಡು ಸುತ್ತುಬಳಸಿ ಹೋಗಬೇಕು. ಪಕ್ಕದ ಸರ್ವೀಸ್ ರಸ್ತೆಯಲ್ಲಿ ಬಸ್ಸು, ಲಾರಿ, ಬೈಕುಗಳ ನಡುವೆ ಕಾಲಿಡಲು ಜಾಗವಿಲ್ಲ. ಹೆತ್ತವರು ಮಗಳನ್ನು ಬಸ್ಸು ಹತ್ತಿಸುತ್ತಾರೆ. ಅದು ಅವರ ತಪ್ಪೆಂದು ಹೇಳುವ ಧೈರ್ಯ ನಮಗಂತೂ ಇಲ್ಲ. ಕನ್ನಡ ಮಾಧ್ಯಮದ ತರಗತಿಗಳು ಒಂದೊಂದಾಗಿ ಕಣ್ಮುಚ್ಚುತ್ತಿರುವಲ್ಲಿ ಮಕ್ಕಳ ದಾರಿ ಇನ್ನಷ್ಟು ದೂರವಾಗುತ್ತದೆ. ಗುಡ್ಡೆ ಹತ್ತಿ, ತೋಡು ದಾಟಿ ಬರುತ್ತಿದ್ದ ಪೀಳಿಗೆಯ ಮಕ್ಕಳೇ ಇಂದು ಬಸ್ಸಿನಲ್ಲಿ ಕೂತು ಬರುತ್ತಿದ್ದಾರೆ.

ಇನ್ನು ಮನೆಯೊಳಗಿನ ಮಾತು. ಬೀಡಿ ಕಟ್ಟುವ ತಾಯಿಗೆ ಕೂಲಿ ಸಾವಿರ ಬೀಡಿಗೆ ಇಷ್ಟೆಂದು. ಎದ್ದರೆ ಕೂಲಿ ಕಡಿಮೆ, ಆದ್ದರಿಂದ ಅವಳು ಏಳುವುದಿಲ್ಲ. ಆದ್ಯತಾ ಪಡಿತರ ಚೀಟಿಯಿದ್ದರೆ ತಲೆಗೆ 5 ಕಿಲೋ ಧಾನ್ಯ 2023ರ ಜನವರಿಯಿಂದ ಧರ್ಮಕ್ಕೆ ಸಿಗುತ್ತದೆ, ಅದು ದೊಡ್ಡ ಉಪಕಾರವೇ ಸರಿ; ಆದರೆ ಬೇಳೆ, ತರಕಾರಿ, ಹಣ್ಣಿಗೆ ಕೈಯಿಂದ ದುಡ್ಡು ಬಿಚ್ಚಬೇಕು. ತಟ್ಟೆಯಲ್ಲಿ ಅನ್ನದ ರಾಶಿ ಏರಿ ಪಲ್ಯ ಮೂಲೆಗೆ ಸರಿಯುವುದು ಹೀಗೆ. ಹಿತ್ತಿಲಲ್ಲಿ ಬಸಳೆ ಚಪ್ಪರ, ಹರಿವೆ ಸಾಲು ಇದ್ದ ಮನೆಗಳ ಮಾತು ಬೇರೆ. ನಾಲ್ಕು ಸೆಂಟ್ಸಿನ ಕಾಲೊನಿಯಲ್ಲಿ ಹಿತ್ತಿಲು ಎಲ್ಲಿಂದ ಬರಬೇಕು?

ಸಮೀಕ್ಷೆಗಳು ದೇಶದಲ್ಲಿ ಉಳ್ಳವರಿಗೇ ಬೊಜ್ಜು ಹೆಚ್ಚೆಂದು ತೋರಿಸುತ್ತವೆ, ನಿಜ. ಆದರೆ ಉಳ್ಳವನು ಅದನ್ನಿಳಿಸಲು ಕಾರಿನಲ್ಲಿ ವ್ಯಾಯಾಮಶಾಲೆಗೆ ಹೋದಾನು. ಬೀಡಿಯ ತಾಯಿ ಮಧುಮೇಹದ ಗುಳಿಗೆಗೆ ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುತ್ತಾಳೆ.

ವಾಸದ ಜಾಗವೇ ಮೈಯನ್ನು ರೂಪಿಸುತ್ತದೆಂಬುದು ಬರಿಯ ಊಹೆಯಲ್ಲ. ಅಮೆರಿಕದ ಬಾಲ್ಟಿಮೋರ್, ಬೋಸ್ಟನ್, ಷಿಕಾಗೋ, ಲಾಸ್ ಏಂಜಲಿಸ್, ನ್ಯೂಯಾರ್ಕ್ ನಗರಗಳಲ್ಲಿ 1994ರಿಂದ 1998ರವರೆಗೆ ಸುಮಾರು 4,500 ಬಡ ಕುಟುಂಬಗಳನ್ನು ಆರಿಸಿಕೊಂಡು ಚೀಟಿ ಎತ್ತಲಾಯಿತು. ಚೀಟಿ ಬಿದ್ದ ಕೆಲವರಿಗೆ ಬಡತನ ಕಡಿಮೆಯಿರುವ ಕೇರಿಗೆ ಹೋಗಲು ಬಾಡಿಗೆಯ ನೆರವು ದೊರೆಯಿತು. ಉಳಿದವರಿಗೆ ಆ ನೆರವು ದೊರೆಯಲಿಲ್ಲ. ಹತ್ತು ಹದಿನೈದು ವರ್ಷಗಳ ತರುವಾಯ ಹೆಂಗಸರನ್ನು ತೂಗಿ, ರಕ್ತ ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ನೆರವು ದೊರೆತವರಲ್ಲಿ ಅತಿಬೊಜ್ಜಿನವರು ನೂರಕ್ಕೆ 3ರಷ್ಟೂ ಮಧುಮೇಹದ ಲಕ್ಷಣವಿದ್ದವರು ನೂರಕ್ಕೆ 4ರಷ್ಟೂ ಕಡಿಮೆಯಿದ್ದರು. ಅವರ ಸಂಪಾದನೆ ಹೇಳಿಕೊಳ್ಳುವಂತೆ ಹೆಚ್ಚಿರಲಿಲ್ಲ. ಯಾರೂ ಅವರಿಗೆ ಪಥ್ಯದ ಪಾಠ ಹೇಳಿರಲಿಲ್ಲ. ಬದಲಾದದ್ದು ಕೇರಿ.

ನಮ್ಮವರನ್ನು ಬೇರೆ ಕೇರಿಗೆ ಸಾಗಿಸಬೇಕೆಂದು ನಾವು ಹೇಳುತ್ತಿಲ್ಲ. ಇರುವ ಕೇರಿಯನ್ನೇ ನಡೆದಾಡುವಂತೆ ಮಾಡಬಹುದಲ್ಲ? ಶಾಲೆಯಿಂದಲೇ ತೊಡಗೋಣ. ಮಧ್ಯಾಹ್ನದೂಟ 8ನೆಯ ತರಗತಿಯವರೆಗೆ ಮಾತ್ರ. 9ಕ್ಕೆ ಕಾಲಿಟ್ಟವರಲ್ಲಿ ಬುತ್ತಿ ತರದವರು ಗೇಟಿನೆದುರಿನ ಬೇಕರಿಗೆ ಹೋಗುತ್ತಾರೆ. ದೈಹಿಕ ಶಿಕ್ಷಕರ ಹುದ್ದೆ ಮಕ್ಕಳ ಸಂಖ್ಯೆಯನ್ನು ಅವಲಂಬಿಸಿರುವುದರಿಂದ ಸಣ್ಣ ಕನ್ನಡ ಶಾಲೆಗಳಿಗೆ ಅದರ ಆಸೆಯೇ ಇಲ್ಲ. ಇದ್ದ ಆಟದ ಪೀರಿಯಡನ್ನೂ ಹತ್ತನೆಯ ತರಗತಿಯ ಗಣಿತಕ್ಕೆ ಕಸಿದುಕೊಂಡವರಲ್ಲಿ ನಾವೂ ಸೇರಿದ್ದೇವೆ, ಒಪ್ಪಿಕೊಳ್ಳಬೇಕು. ಆಟದ ಬಯಲಿಲ್ಲದ ಶಾಲೆಗಳನ್ನು ಮುಚ್ಚಬೇಕೆಂದು 2024ರ ಏಪ್ರಿಲಿನಲ್ಲಿ ಕೇರಳ ಉಚ್ಚ ನ್ಯಾಯಾಲಯ ಕಟುವಾಗಿಯೇ ಹೇಳಿತು. ಮಾತು ಸರಿ; ಆದರೆ ಮುಚ್ಚುವ ಸರದಿ ಬಂದರೆ ಮೊದಲು ಬೀಗ ಬೀಳುವುದು ಯಾವ ಶಾಲೆಗೆಂದು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಬಯಲು ಕೊಡಿಸುವ ಹೊಣೆ ಮೊದಲು ಬರಲಿ.

ಪಂಚಾಯತುಗಳ ಕೈಯಲ್ಲಿ ಯೋಜನಾ ಹಣವಿದೆ, ಅದನ್ನು ಎಲ್ಲಿ ಹಾಕಬೇಕೆಂದು ಕೇಳಲು ಗ್ರಾಮಸಭೆಯಿದೆ. ಅಲ್ಲಿ ನಮ್ಮವರ ಹಾಜರಿ ತೀರ ಕಡಿಮೆ. ನಡಾವಳಿಯ ಭಾಷೆ ತಿಳಿಯದೆಂಬ ಹಿಂಜರಿಕೆಯೂ ಇದಕ್ಕೊಂದು ಕಾರಣ. ಸರ್ವೀಸ್ ರಸ್ತೆಯ ಬದಿಗೆ ಕಾಲುದಾರಿ, ಸಂಜೆ ಆರರ ತನಕ ಶಾಲೆಯ ಬಯಲು ಊರ ಹೆಂಗಸರಿಗೂ ತೆರೆದಿರುವುದು, ವಾರಕ್ಕೊಮ್ಮೆ ಕಾಲೊನಿಯ ಬಳಿಯೇ ಕುಟುಂಬಶ್ರೀಯವರ ತರಕಾರಿ ಸಂತೆ: ಈ ಮೂರನ್ನು ಬರೆದು ರಕ್ಷಕ-ಶಿಕ್ಷಕ ಸಂಘದ ಸಹಿಯೊಂದಿಗೆ ಮುಂದಿನ ಸಭೆಗೆ ಒಯ್ಯಲಿದ್ದೇವೆ. ಅರ್ಜಿ ಕನ್ನಡದಲ್ಲಿದೆ.