ಹಾಡು ಬಾಗಿಲು ತೆರೆದ ಮೇಲೆ

2024ರ ಮೇ ತಿಂಗಳಲ್ಲಿ ಅನನ್ಯಾ ಬಿರ್ಲಾ ಇನ್‌ಸ್ಟಾಗ್ರಾಮಿನಲ್ಲಿ ಒಂದು ಪೋಸ್ಟ್ ಹಾಕಿದರು. ಇನ್ನು ಸಂಗೀತ ಸಾಕು, ಪೂರ್ತಿ ಗಮನ ಬಿಸಿನೆಸ್ ಕಡೆಗೆ ಎಂಬುದು ಅದರ ಸಾರ. ಎರಡನ್ನೂ ಒಟ್ಟಿಗೆ ನಡೆಸಿಕೊಂಡು ಹೋಗುವುದು ಅಸಾಧ್ಯ ಅನ್ನುವ ಹಂತಕ್ಕೆ ಬಂದಿದೆ, ಅದು ತನ್ನನ್ನು ಹಿಂಡುತ್ತಿದೆ ಎಂಬ ಕಾರಣವನ್ನೂ ಕೊಟ್ಟಿದ್ದರು. ಆಗ ಅವರಿಗೆ 29 ವರ್ಷ.

ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಗೆಳೆಯನೊಬ್ಬನಿಗೆ ಈ ಸುದ್ದಿ ಹೇಳಿದೆ. ನಕ್ಕುಬಿಟ್ಟ. "ಬಿರ್ಲಾ ಮಗಳಿಗೇ ಟೆನ್ಶನ್ ಅಂದ್ರೆ ನಮ್ ಗತಿ ಏನಪ್ಪ? ಅವ್ರು ಹಾಡು ಬಿಟ್ರೂ ನಡಿತೈತೆ. ನಾವು ಮಷಿನ್ ಬಿಟ್ರೆ ಸಂಜಿಗೆ ಒಲಿ ಹತ್ತಂಗಿಲ್ಲ."

ಮಾತು ಖಾರವಾಗಿದೆ, ಆದರೆ ಸುಳ್ಳಲ್ಲ. ಈ ವಾರದ ಅಂಕಣ ಆ ಮಾತಿಗೆ ಉತ್ತರ ಹುಡುಕುವ ಪ್ರಯತ್ನ.

ಮೊದಲು ಅನನ್ಯಾ ಅವರ ದಾರಿ ನೋಡೋಣ. ಉದ್ಯಮಿ ಕುಮಾರ ಮಂಗಲಂ ಬಿರ್ಲಾ ಮತ್ತು ನೀರಜಾ ಬಿರ್ಲಾ ಅವರ ಮಗಳು. ಚಿಕ್ಕಂದಿನಲ್ಲಿ ಕಲಿತದ್ದು ಸಂತೂರ್. 17ನೇ ವಯಸ್ಸಿಗೆ ಹಳ್ಳಿಯ ಹೆಣ್ಣುಮಕ್ಕಳಿಗೆ ಸಣ್ಣ ಸಾಲ ಕೊಡುವ ಸ್ವತಂತ್ರ ಮೈಕ್ರೋಫಿನ್ ಕಂಪನಿ ಶುರು ಮಾಡಿದರು. ಓದಲು ಆಕ್ಸ್‌ಫರ್ಡಿಗೆ ಹೋದಾಗ ಗಿಟಾರ್ ಕೈಗೆ ಬಂತು, ತಾವೇ ಬರೆದು ಹಾಡುವುದು ಶುರುವಾಯಿತು. 2016ರಲ್ಲಿ 'ಲಿವಿನ್ ದ ಲೈಫ್' ಬಂತು. 2017ರ 'ಮೆಂಟ್ ಟು ಬಿ' ಭಾರತದಲ್ಲಿ ಪ್ಲಾಟಿನಂ ಆಯಿತು. ನಮ್ಮ ದೇಶದ ಕಲಾವಿದರೊಬ್ಬರ ಇಂಗ್ಲಿಷ್ ಹಾಡಿಗೆ ಆ ಮನ್ನಣೆ ಸಿಕ್ಕಿದ್ದು ಅದೇ ಮೊದಲು ಎಂದು ಆಗ ಸುದ್ದಿಯಾಗಿತ್ತು. 2021ರಲ್ಲಿ ಟೋಕಿಯೊ ಒಲಿಂಪಿಕ್ಸಿಗೆ ಹೊರಟ ನಮ್ಮ ತಂಡವನ್ನು ಹುರಿದುಂಬಿಸಲು ಎ.ಆರ್. ರೆಹಮಾನ್ ಜೊತೆ 'ಹಿಂದೂಸ್ತಾನಿ ವೇ' ಹಾಡಿದರು.

ಹೊರಗಿನಿಂದ ನೋಡಿದರೆ ಎಲ್ಲಾ ಸಲೀಸು. ಆದರೆ ಆಕ್ಸ್‌ಫರ್ಡಿನ ದಿನಗಳಲ್ಲಿ ಆತಂಕ, ಪ್ಯಾನಿಕ್ ಅಟ್ಯಾಕ್ ತಮ್ಮನ್ನು ಕಾಡಿದ್ದನ್ನು ಅವರು ಸಂದರ್ಶನಗಳಲ್ಲಿ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾರೆ. ಅಮ್ಮನ ಜೊತೆ ಸೇರಿ ಎಂಪವರ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಕಟ್ಟಿದ್ದು 2016ರಲ್ಲಿ, ಅಂದರೆ ಮೊದಲ ಹಾಡು ಬಂದ ವರ್ಷವೇ. ಅದಕ್ಕೂ ಒಂದು ವರ್ಷ ಮುಂಚೆ ನಮ್ಮ ಬೆಂಗಳೂರಿನ ಹುಡುಗಿ ದೀಪಿಕಾ ಪಡುಕೋಣೆ ಟಿ.ವಿ.ಯಲ್ಲಿ ಕೂತು ತಮಗಿದ್ದ ಖಿನ್ನತೆಯ ಬಗ್ಗೆ ಮಾತಾಡಿದ್ದರು. ಹೆಸರಿದ್ದವರು ಬಾಯಿಬಿಟ್ಟರೆ, ಹೆಸರಿಲ್ಲದವರಿಗೆ ತಮ್ಮ ಸಂಕಟಕ್ಕೊಂದು ಹೆಸರು ಸಿಗುತ್ತದೆ. ಅಷ್ಟು ಉಪಕಾರವಂತೂ ಖಂಡಿತ ಆಗಿದೆ.

ಸರಿ, ಹೆಸರು ಸಿಕ್ಕ ಮೇಲೆ? ಗೆಳೆಯನ ನಗುವಿನ ಹಿಂದೆ ಇದ್ದ ಪ್ರಶ್ನೆ ಇದೇ.

ಕೌಲ್ ಬಜಾರಿನ ಓಣಿಗಳಲ್ಲಿ ಹಗಲು ರಾತ್ರಿ ಹೊಲಿಗೆ ಮಷಿನ್ ಸದ್ದು. ಬಳ್ಳಾರಿ ಜೀನ್ಸ್ ಎಂದು ದೇಶದ ನಾನಾ ಕಡೆ ಹೋಗುವ ಪ್ಯಾಂಟುಗಳಲ್ಲಿ ಎಷ್ಟೋ ಇಂಥ ಮನೆಗಳಲ್ಲೇ ತಯಾರಾಗುತ್ತವೆ. ಕೂಲಿ ಪೀಸ್ ಲೆಕ್ಕ. ಕರೆಂಟ್ ಹೋದರೆ ಲೆಕ್ಕವೂ ಹೋಯಿತು. ಬೇಸಿಗೆಯಲ್ಲಿ ತಗಡಿನ ಕೆಳಗೆ ಕೂತು ಹೊಲಿಯುವವನಿಗೆ ರಾತ್ರಿ ನಿದ್ದೆ ಬರದಿದ್ದರೆ ಅದು ಬಿಸಿಲಿನ ತಾಪವೋ ಮನಸ್ಸಿನ ತಾಪವೋ ಅಂತ ಕೇಳುವವರು ಯಾರು? ಇಲ್ಲಿ ಯಾರೂ 'ಡಿಪ್ರೆಷನ್' ಅನ್ನುವುದಿಲ್ಲ. "ತಲಿ ಭಾರ ಆಗೈತೆ", "ಎದಿ ಡವಡವ ಅಂತೈತೆ", "ಗ್ಯಾಸ್ ಇರ್ಬೇಕು" ಅನ್ನುತ್ತಾರೆ. ಮೆಡಿಕಲ್ ಶಾಪಿನಲ್ಲಿ ಒಂದು ಮಾತ್ರೆ ತಗೊಂಡು ಮತ್ತೆ ಮಷಿನ್ ಮುಂದೆ ಕೂರುತ್ತಾರೆ.

ಹಾಗಂತ ನಮ್ಮ ಜನಕ್ಕೆ ದುಃಖ ಹೇಳಿಕೊಳ್ಳುವುದೇ ಗೊತ್ತಿಲ್ಲ ಅನ್ನಬೇಡಿ. ಮೊಹರಂ ಬಂದಾಗ ನಮ್ಮ ಭಾಗದ ಊರುಗಳಲ್ಲಿ ಅಲಾಯಿ ಕುಣಿಯ ಸುತ್ತ ರಿವಾಯತ್ ಪದ ಕೇಳಿದ್ದೀರಾ? ಕರ್ಬಲಾದ ಸಂಕಟವನ್ನು ಕನ್ನಡದಲ್ಲಿ ಹಾಡುತ್ತಾರೆ. ಹಾಡುವ ಮೇಳದಲ್ಲಿ ಹಿಂದೂಗಳೂ ಇರುತ್ತಾರೆ, ಮುಸ್ಲಿಮರೂ ಇರುತ್ತಾರೆ. ಗಂಡಸರು ನಾಲ್ಕು ಜನರ ಎದುರು ಕಣ್ಣೀರು ಹಾಕಿದರೆ ಅವತ್ತು ಯಾರೂ ಆಡಿಕೊಳ್ಳುವುದಿಲ್ಲ. ಅಳುವುದಕ್ಕೆ ಊರೇ ಸೇರಿ ಮಾಡಿಕೊಟ್ಟ ಜಾಗ ಅದು. ಮುಂಬೈಯ ಹುಡುಗಿ ಗಿಟಾರ್ ಹಿಡಿದು ಮಾಡಿದ್ದೂ, ನಮ್ಮ ರಿವಾಯತ್ ಮೇಳದವರು ಮಾಡುವುದೂ ಒಂದರ್ಥದಲ್ಲಿ ಒಂದೇ ಕೆಲಸ. ಒಳಗಿನದಕ್ಕೆ ಬಾಗಿಲು ತೆರೆಯುವುದು.

ಆದರೆ ಬಾಗಿಲು ತೆರೆದರೆ ಸಾಲದು. ಒಳಗೆ ಒಬ್ಬ ಡಾಕ್ಟರು, ಒಂದಿಷ್ಟು ಮಾತ್ರೆ, ಮಾತು ಕೇಳುವ ಒಬ್ಬ ಮನುಷ್ಯ ಇರಬೇಕು. ಈ ವಿಚಾರದಲ್ಲಿ ದೇಶಕ್ಕೆ ದಾರಿ ತೋರಿಸಿದ್ದು ನಮ್ಮದೇ ಜಿಲ್ಲೆ ಎಂಬುದು ನಮ್ಮಲ್ಲೇ ಹೆಚ್ಚಿನವರಿಗೆ ಗೊತ್ತಿಲ್ಲ.

ದೇಶದಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು 1982ರಲ್ಲಿ. ಕಾಗದದ ಮೇಲಿದ್ದ ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ಮಾಡಿ ನೋಡೋಣ ಎಂದು ನಿಮ್ಹಾನ್ಸ್‌ನವರು ಆರಿಸಿಕೊಂಡದ್ದು ಬಳ್ಳಾರಿಯನ್ನು. 1985ರಿಂದ 1990ರವರೆಗೆ ಆ ಪ್ರಯೋಗ ನಡೆಯಿತು. ಆಗಿನ ಬಳ್ಳಾರಿ ಎಂದರೆ ಹೊಸಪೇಟೆ, ಹಡಗಲಿ ಎಲ್ಲಾ ಸೇರಿದ ದೊಡ್ಡ ಜಿಲ್ಲೆ, ಸುಮಾರು 15 ಲಕ್ಷ ಜನ. ಜಿಲ್ಲಾ ತಂಡದಲ್ಲಿ ಇದ್ದವರು ನಾಲ್ಕೇ ಮಂದಿ: ಒಬ್ಬ ಮನೋವೈದ್ಯ, ಒಬ್ಬ ಮನಶ್ಶಾಸ್ತ್ರಜ್ಞ, ಒಬ್ಬ ಸಮಾಜ ಕಾರ್ಯಕರ್ತ, ಅಂಕಿಅಂಶ ಬರೆಯಲು ಒಬ್ಬ ಗುಮಾಸ್ತ.

ನಾಲ್ಕು ಜನ 15 ಲಕ್ಷ ಜನರನ್ನು ನೋಡುವುದು ಹೇಗೆ? ಅವರು ನೋಡಲಿಲ್ಲ, ನೋಡುವುದನ್ನು ಕಲಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಮಾನಸಿಕ ಕಾಯಿಲೆಗೂ ಮೂರ್ಛೆರೋಗಕ್ಕೂ ಬೇಕಾದ ಆರು ಮುಖ್ಯ ಔಷಧಿ ಹಳ್ಳಿಯ ಕೇಂದ್ರದಲ್ಲೇ ಸಿಗುವಂತೆ ಮಾಡಿದರು. ಕೈಮೀರಿದವರನ್ನು ಮಾತ್ರ ಜಿಲ್ಲಾ ಆಸ್ಪತ್ರೆಗೆ ಕಳಿಸಬೇಕು, ಅಲ್ಲಿ 10 ಜನರನ್ನು ಸೇರಿಸಿಕೊಳ್ಳಲು ಅವಕಾಶ. ಪ್ರತಿ ತಿಂಗಳು ವೈದ್ಯರ ಸಭೆಯಲ್ಲಿ ಜ್ವರ, ಲಸಿಕೆಗಳ ಜೊತೆ ಮನಸ್ಸಿನ ಕಾಯಿಲೆಯ ಲೆಕ್ಕವನ್ನೂ ಕೇಳುತ್ತಿದ್ದರು. ಅಷ್ಟೇ. ದೊಡ್ಡ ಕಟ್ಟಡ ಇಲ್ಲ, ದೊಡ್ಡ ಹೆಸರಿನ ಯೋಜನೆಯೂ ಅಲ್ಲ. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಾಲ್ಕು ಜಿಲ್ಲೆಗಳಲ್ಲಿ ಶುರು ಮಾಡಿದಾಗ ಇಟ್ಟುಕೊಂಡದ್ದು ಇದೇ ನಕ್ಷೆ. ಮನೋವೈದ್ಯರ ಪುಸ್ತಕಗಳಲ್ಲಿ ಇವತ್ತಿಗೂ ಇದಕ್ಕೆ 'ಬಳ್ಳಾರಿ ಮಾದರಿ' ಎಂದೇ ಹೆಸರು.

ಗಣಿ, ಧೂಳು, ಬಿಸಿಲು, ರಾಜಕೀಯ ಅಂತ ನಮ್ಮೂರನ್ನು ಆಡಿಕೊಳ್ಳುವವರಿಗೆ ಇದನ್ನೂ ಹೇಳಿ.

ಈಗ ಒಂದು ಕಷ್ಟದ ಮಾತು. ಅನನ್ಯಾ ಹಾಡು ಬಿಟ್ಟು ಹಿಂದಿರುಗಿದ್ದು ಯಾವ ಲೋಕಕ್ಕೆ? ಬಿಸಿನೆಸ್ಸಿಗೆ, ಅದರಲ್ಲಿ ಮೈಕ್ರೋಫೈನಾನ್ಸೂ ಒಂದು. ನಮ್ಮ ಓಣಿಗಳಲ್ಲಿ ಅದರ ಹೆಸರು 'ಸಂಘದ ಸಾಲ'. ಮಷಿನ್ ಕೊಂಡುಕೊಳ್ಳಲು, ಮಗಳ ಫೀಸಿಗೆ ಅದು ಆಸರೆಯಾಗಿದೆ, ನಿಜ. ವಾರ ವಾರ ಬರುವ ಕಂತು ನಿದ್ದೆ ಕೆಡಿಸಿರುವುದೂ ನಿಜ. ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಯಾವ ಕಂಪನಿಯ ಕಡೆಗೂ ನಾನು ಬೆರಳು ತೋರಿಸುತ್ತಿಲ್ಲ. ಆದರೆ ಮನಸ್ಸಿನ ಆರೋಗ್ಯ ಎಂದರೆ ಬರೀ "ಮನಸು ಬಿಚ್ಚಿ ಮಾತಾಡಿ" ಅಲ್ಲ. ಕಂತು, ಕೂಲಿ, ನಿದ್ದೆ ಎಲ್ಲಾ ಅದರೊಳಗೇ ಇದೆ. ಹಾಡುಗಾರ್ತಿ ಅನನ್ಯಾ ಕಲಿತದ್ದನ್ನು ಉದ್ಯಮಿ ಅನನ್ಯಾ ನೆನಪಿಟ್ಟುಕೊಂಡರೆ ಅದರ ಲಾಭ ದೊಡ್ಡದು.

ಅವರು ಹಾಡು ನಿಲ್ಲಿಸಿದ್ದನ್ನು ಸೋಲು ಅಂತ ನಾನು ಓದುವುದಿಲ್ಲ. "ಎರಡೂ ಆಗುತ್ತಿಲ್ಲ" ಎಂದು ಎಲ್ಲರೆದುರು ಹೇಳುವುದು ನಮ್ಮ ತಲೆಮಾರಿಗೆ ತೀರಾ ಬೇಕಾದ ವಿದ್ಯೆ. ಆಫೀಸು, ಸೈಡ್ ಬಿಸಿನೆಸ್, ರೀಲ್ಸ್, ಜಿಮ್, ಮನೆಯ ಜವಾಬ್ದಾರಿ ಎಲ್ಲವನ್ನೂ ಒಂದೇ ಹೆಗಲಿಗೆ ಹಾಕಿಕೊಂಡು "ನಾನ್ ಆರಾಮಾಗಿದ್ದೀನಿ" ಅನ್ನುವವರೇ ನಾವೆಲ್ಲ. ಬಿಡುವ ಆಯ್ಕೆ ಎಲ್ಲರಿಗೂ ಇರುವುದಿಲ್ಲ, ಒಪ್ಪಿದೆ. ಕೇಳುವ ಹಕ್ಕು ಮಾತ್ರ ಎಲ್ಲರಿಗೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎನ್ನುತ್ತದೆ. ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಎಂದೂ ಹೇಳುತ್ತದೆ. ನಿಮ್ಮ ಆಫೀಸಿನ ಪಾಲಿಸಿಯಲ್ಲಿ ಅದು ಇದೆಯಾ, ನಾಳೆಯೇ ಎಚ್‌ಆರ್ ಹತ್ತಿರ ಕೇಳಿ.

ಇನ್ನೊಂದು ಕೆಲಸ ಈಗಲೇ, ಈ ಪುಟ ಮುಚ್ಚುವ ಮುಂಚೆ. 14416 ನಂಬರನ್ನು ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಟೆಲಿ ಮಾನಸ್. ಕರೆ ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನೇರವಾಗಿ ಹೋಗಬೇಕೆಂದರೆ ಬಳ್ಳಾರಿಯವರಿಗೆ ಜಿಲ್ಲಾ ಆಸ್ಪತ್ರೆ ಇದೆ, ನಾವು ಈಗಲೂ ವಿಮ್ಸ್ ಎಂದೇ ಕರೆಯುವ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಸಿರುಗುಪ್ಪ, ಕುರುಗೋಡಿನವರು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ಯಾವುದೆಂದು ವಿಚಾರಿಸಿ.

ನಂಬರನ್ನು ನಿಮಗೊಬ್ಬರಿಗೇ ಇಟ್ಟುಕೊಳ್ಳಬೇಡಿ. "ಗ್ಯಾಸ್ ಇರ್ಬೇಕು" ಅಂತ ತಿಂಗಳಿಂದ ನಿದ್ದೆಗೆಟ್ಟಿರುವ ಅಣ್ಣನಿಗೋ ಅಕ್ಕನಿಗೋ ಕಳಿಸಿ. ಜೊತೆಗೆ ಅವರಿಗೆ ಇಷ್ಟವಾದ ಒಂದು ಹಾಡನ್ನೂ ಕಳಿಸಿ.