ಬಸ್ಸು ಓಡುವಾಗಲೇ ಟಿಕೆಟ್ ಆಗಬೇಕು

ನಾನು ದಿನಾ ಕಮಲಾಪುರದಿಂದ ಕಲಬುರಗಿಗೆ ಬಸ್ಸಿನಾಗ ಬರೋನು. ಬಸ್ಸು ಹೊಂಟ ಕೂಡಲೇ ಕಂಡಕ್ಟರ್ ಟಿಕೆಟ್ ಕೊಡಾಕ ಶುರು ಮಾಡ್ತಾರ. ಕಲಬುರಗಿ ಮುಟ್ಟಿದ ಮ್ಯಾಲ ಎಲ್ಲಾರಿಗೂ ಒಮ್ಮೆಲೇ ಕೊಟ್ಟರಾಯ್ತು ಅಂತ ಕುಂತರ, ನಡುವೆ ಇಳಿಯೋರು ಇಳಿದು ಹೋಗಿರ್ತಾರ.

ಈ ಲೆಕ್ಕ ನಮ್ಮ ಜೀವಕೋಶಕ್ಕೂ ಗೊತ್ತದ. ಬಯಾಲಜಿ ಪೇಪರ್‌ನಲ್ಲಿ ನಾವು 'ಡಿಎನ್‌ಎ, ಆರ್‌ಎನ್‌ಎ, ಪ್ರೊಟೀನ್' ಅಂತ ಎರಡು ಬಾಣ ಹಾಕಿ ಪಾಸಾಗಿಬಿಡ್ತೀವಿ. ಪೂರ್ತಿ ಆರ್‌ಎನ್‌ಎ ಬರೆದಾದ ಮೇಲೆ ಕೋಶ ಅದನ್ನು ತಿದ್ದುತ್ತದೆ ಅಂತಲೇ ನಾನೂ ತಿಳಿದಿದ್ದೆ. ಹಾಗಲ್ಲ. ಆರ್‌ಎನ್‌ಎ ಪಾಲಿಮರೇಸ್-2 ಎಂಬ ಕಿಣ್ವ 20-30 ಅಕ್ಷರ ಬರೆಯುವಷ್ಟರಲ್ಲೇ ಆರ್‌ಎನ್‌ಎಯ ಮುಂದಿನ ತುದಿಗೆ ರಕ್ಷಣೆಯ ಟೋಪಿ ಬೀಳುತ್ತದೆ. ಆ ಕಿಣ್ವಕ್ಕೆ ಒಂದು ಉದ್ದನೆಯ ಬಾಲ ಇದೆ. ಮನುಷ್ಯರಲ್ಲಿ 7 ಅಮೈನೋ ಆಮ್ಲಗಳ ತುಣುಕೊಂದು ಅದರಲ್ಲಿ 52 ಸಲ ಬರುತ್ತದೆ. ಟೋಪಿ ಹಾಕುವವರು, ಬೇಡದ ಇಂಟ್ರಾನ್ ಕತ್ತರಿಸುವವರು, ಕೊನೆ ಮುಗಿಸುವವರು, ಹೀಗೆ ಬೇರೆಬೇರೆ ಪ್ರೊಟೀನ್‌ಗಳು ತಮ್ಮ ಪಾಳಿ ಬಂದಾಗ ಈ ಬಾಲ ಹಿಡಿದು ಹತ್ತುತ್ತವೆ.

ಸ್ನಾಯುಗಳಿಗೆ ಬೇಕಾದ ಡಿಸ್ಟ್ರೋಫಿನ್ ಜೀನ್ ನೋಡ್ರಿ. 20 ಲಕ್ಷಕ್ಕೂ ಹೆಚ್ಚು ಅಕ್ಷರ. ಒಮ್ಮೆ ನಕಲು ಮಾಡಲು ಸುಮಾರು 16 ಗಂಟೆ. ಕೊನೆಗೆ ಉಳಿಯೋದು ಸುಮಾರು 14,000 ಅಕ್ಷರ ಮಾತ್ರ. ಅಲ್ಲಿ ಕತ್ತರಿ ಕೆಲಸ ಕೊನೆಯ ಅಕ್ಷರಕ್ಕೆ ಕಾಯೋದಿಲ್ಲ. ಕಿಣ್ವದ ವೇಗಕ್ಕೂ ಬೆಲೆ ಅದ: ಅದು ನಿಧಾನವಾದರೆ ಯಾವ ತುಣುಕು ಉಳಿಯಬೇಕು ಎಂಬ ಆಯ್ಕೆಯೇ ಬದಲಾಗಬಹುದು ಎಂದು ಅರ್ಜೆಂಟೀನಾದ ಆಲ್ಬರ್ಟೊ ಕಾರ್ನ್‌ಬ್ಲಿಟ್ ಅವರ ತಂಡ 2003ರಲ್ಲಿ ತೋರಿಸಿತು.

ಈಗ ನಮ್ಮ ಕಥಿ. ಹೋದ ಸೆಮಿಸ್ಟರ್ ನಾವು ನಾಲ್ಕು ಮಂದಿ ನಮ್ಮ ಕಾಕಾನ ಕೆಂಪು ಬಾಳೆ ತೋಟಕ್ಕೆ ತಾನಾಗೇ ನೀರು ಬಿಡೋ ಪ್ರಾಜೆಕ್ಟ್ ಮಾಡಿದ್ವಿ. ಸೆನ್ಸರ್ ಕೋಡ್ ಒಬ್ಬ, ಮೋಟಾರ್ ಕೋಡ್ ಇನ್ನೊಬ್ಬ. ಜೋಡಿಸಿದ್ದು ಕೊನೆಯ ರಾತ್ರಿ. ಸೆನ್ಸರ್ ಪ್ರಕಾರ ದೊಡ್ಡ ಅಂಕಿ ಅಂದರೆ ಒಣ ಮಣ್ಣು. ಮೋಟಾರ್ ಕೋಡ್ ಅದನ್ನೇ ಹಸಿ ಮಣ್ಣು ಅಂತ ಓದಿತು. ಒಣಗಿದ ಸಾಲಿಗೆ ನೀರಿಲ್ಲ, ಕೆಸರಿಗೆ ಮತ್ತೆ ನೀರು! ಕಾಕಾ ಏನೂ ಅನ್ನಲಿಲ್ಲ, ಹೋಗಿ ಸ್ವಿಚ್ ಆರಿಸಿದ. ಮೊದಲ ವಾರವೇ ಇಬ್ಬರೂ ಕೂಡಿ ಹತ್ತು ಸಾಲು ಓಡಿಸಿ ನೋಡಿದ್ದರ ಸಾಕಿತ್ತು.

ಎಲ್ಲಾ ತಿದ್ದುಪಡಿಯೂ ಓಡುವಾಗಲೇ ಆಗಬೇಕು ಅಂತ ನಾನು ಹೇಳ್ತಿಲ್ಲ. ಕೋಶದಲ್ಲೂ ಕೆಲವು ಇಂಟ್ರಾನ್‌ಗಳನ್ನು ಬರವಣಿಗೆ ಮುಗಿದ ಮೇಲೆಯೇ ತೆಗೆಯಲಾಗುತ್ತದೆ. ಆದರೆ ಎಲ್ಲವನ್ನೂ ಕೊನೆಗೆ ಬಿಡೋದು ಅದರ ಪದ್ಧತಿ ಅಲ್ಲ. ನಮ್ಮಲ್ಲಿ ರಿವ್ಯೂ ಅಂದರೆ ಪಿಪಿಟಿ ತೋರಿಸೋದು ಅಷ್ಟೇ ಆಗ್ಯದ. ಮೊದಲ ರಿವ್ಯೂನಾಗೇ ಸ್ಲೈಡ್ ಬದಲು ಓಡುವ ಕೋಡ್ ಕೇಳ್ರಿ ಅಂತ ನಮ್ಮ ಗೈಡ್ ಸರ್, ಮೇಡಂಗಳಿಗೆ ನಾವೇ ಹೇಳೋಣ. ಈ ಸಲ ನಮ್ಮ ಟೀಮ್ ಮೊದಲು ಕೇಳ್ತದ. ನೀವು?