ಜಗತ್ತು ಚಿಕ್ಕದಾಯಿತು ಎಂಬ ಸುಳ್ಳು

ಜಗತ್ತು ಚಿಕ್ಕದಾಗಿದೆ ಎಂಬ ಮಾತಿಲ್ಲದೆ ನಮ್ಮ ಯಾವ ವಿಚಾರ ಸಂಕಿರಣವೂ ಮುಗಿಯುವುದಿಲ್ಲ. ಜಾಗತೀಕರಣವನ್ನು ಹೊಗಳುವವರೂ ತೆಗಳುವವರೂ ಈ ಒಂದು ವಿಷಯದಲ್ಲಿ ಒಂದಾಗುತ್ತಾರೆ: ತಂತ್ರಜ್ಞಾನ ದೂರವನ್ನು ಅಳಿಸಿಬಿಟ್ಟಿದೆಯಂತೆ. ಈ ನಂಬಿಕೆಯನ್ನು ಅಲುಗಾಡಿಸಲು ದೊಡ್ಡ ಸಿದ್ಧಾಂತವೇನೂ ಬೇಡ, ಒಂದು ವಿಮಾನದ ವೇಳಾಪಟ್ಟಿ ಸಾಕು.

ಫಿನ್ಲೆಂಡಿನ ಹೆಲ್ಸಿಂಕಿಯಿಂದ ಜಪಾನಿನ ಟೋಕಿಯೋಗೆ ನೇರ ಅಂತರ ಸುಮಾರು 7,800 ಕಿಲೋಮೀಟರ್. 1983ರಲ್ಲಿ ಫಿನ್‌ಏರ್ ಸಂಸ್ಥೆ ಈ ನಗರಗಳ ನಡುವೆ ಎಲ್ಲೂ ಇಳಿಯದ ವಿಮಾನ ಆರಂಭಿಸಿದಾಗ ಪ್ರಯಾಣಕ್ಕೆ ಸುಮಾರು 13 ಗಂಟೆ ಹಿಡಿಯುತ್ತಿತ್ತು. ಅದು ಶೀತಲ ಸಮರದ ಕಾಲ. ಸೋವಿಯತ್ ನೆಲದ ಮೇಲೆ ಹಾರುವಂತಿರಲಿಲ್ಲವಾದ್ದರಿಂದ ವಿಮಾನ ಉತ್ತರ ಧ್ರುವವನ್ನು ಬಳಸಿ ಹೋಗಬೇಕಿತ್ತು. ಮುಂದೆ ಆ ಆಕಾಶ ತೆರೆದುಕೊಂಡಿತು, ಪ್ರಯಾಣ ಸುಮಾರು ಒಂಬತ್ತೂವರೆ ಗಂಟೆಗೆ ಇಳಿಯಿತು. ಏಷ್ಯಾಕ್ಕೆ ತಮ್ಮದೇ ಹತ್ತಿರದ ದಾರಿ ಎಂಬುದನ್ನು ಬಂಡವಾಳ ಮಾಡಿಕೊಂಡು ಸಂಸ್ಥೆ ಬೆಳೆಯಿತು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಐರೋಪ್ಯ ಒಕ್ಕೂಟ ರಷ್ಯಾದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು, ರಷ್ಯಾವೂ ಪ್ರತಿಯಾಗಿ ಮುಚ್ಚಿತು. ಮಾರ್ಚ್‌ನಲ್ಲಿ ಟೋಕಿಯೋ ವಿಮಾನ ಮತ್ತೆ ಹೊರಟಾಗ ಅದೇ ಧ್ರುವದ ದಾರಿ, ಅದೇ 13 ಗಂಟೆ.

ಸುಮಾರು ನಲವತ್ತು ವರ್ಷಗಳಲ್ಲಿ ಮೂರು ಎಂಜಿನ್ನಿನ ವಿಮಾನ ಹೋಗಿ ಎರಡೇ ಎಂಜಿನ್ನಿನದು ಬಂತು, ದಾರಿ ತೋರಲು ಉಪಗ್ರಹಗಳು ಬಂದವು. ಇವುಗಳ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ಎರಡು ನಗರಗಳನ್ನು ಹತ್ತಿರ ತಂದದ್ದೂ ದೂರ ಮಾಡಿದ್ದೂ ಎಂಜಿನಿಯರುಗಳಲ್ಲ, ಸರ್ಕಾರಗಳು.

ಇದು ಯುದ್ಧಕಾಲದ ಅಪವಾದ ಎನ್ನುವವರಿದ್ದಾರೆ. ಅಲ್ಲ, ಇದೇ ನಿಯಮ. ತನ್ನ ನೆಲದ ಮೇಲಿನ ಆಕಾಶದ ಮೇಲೆ ಪ್ರತಿ ದೇಶಕ್ಕೂ ಸಂಪೂರ್ಣ ಅಧಿಕಾರವಿದೆ ಎಂದು 1944ರ ಷಿಕಾಗೋ ಒಪ್ಪಂದದ ಮೊದಲ ವಿಧಿಯೇ ಹೇಳುತ್ತದೆ. ಹಾರಾಟದ ಹಾದಿ ಯಾವಾಗಲೂ ಯಾರದೋ ಅಪ್ಪಣೆಯ ಮೇಲೆ ನಿಂತಿರುತ್ತದೆ. ಯುರೋಪಿನ ವಿಮಾನಗಳು ಸುತ್ತಿ ಹೋಗುವಾಗಲೂ ಚೀನಾದ ವಿಮಾನಗಳು ರಷ್ಯಾದ ಮೇಲೇ ಹಾರುತ್ತಿದ್ದವು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ಆಕಾಶ ಮುಚ್ಚಿದಾಗ ದೆಹಲಿಯಿಂದ ಯುರೋಪಿಗೆ ಹೊರಟ ನಮ್ಮ ವಿಮಾನಗಳೂ ಸುತ್ತುದಾರಿ ಹಿಡಿದವು. ದೆಹಲಿಯೂ ಲಂಡನ್ನೂ ಇದ್ದಲ್ಲೇ ಇದ್ದವು.

ಮುಚ್ಚಿದ್ದು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ದಾಳಿ ಮಾಡಿದ ದೇಶಕ್ಕೆ ಆಕಾಶ ಮುಚ್ಚಲು ನ್ಯಾಯವಾದ ಕಾರಣವೇ ಇದೆ. ನನ್ನ ತಕರಾರು ನಮ್ಮ ಭಾಷೆಯ ಬಗ್ಗೆ. ‘ಜಗತ್ತು ಚಿಕ್ಕದಾಯಿತು’ ಎನ್ನುವ ವಾಕ್ಯದಲ್ಲಿ ಚಿಕ್ಕದು ಮಾಡಿದವರು ಯಾರು, ಯಾರಿಗಾಗಿ ಎಂಬುದು ಕಾಣುವುದೇ ಇಲ್ಲ. ಮಳೆ ಬಂತು, ಬೆಳಗಾಯಿತು ಎನ್ನುವಂತೆ ಅದು ತಾನಾಗಿಯೇ ಆದದ್ದೆಂದು ತೋರುತ್ತದೆ. ವೀಸಾಕ್ಕಾಗಿ ಬ್ಯಾಂಕಿನ ಲೆಕ್ಕಪತ್ರ ಹಿಡಿದು ವಾರಗಟ್ಟಲೆ ಕಾಯುವ ಇಲ್ಲಿನ ವಿದ್ಯಾರ್ಥಿಗೂ ಯಾವ ವೀಸಾ ಪಡೆಯದೆ ಟೋಕಿಯೋಗೆ ವಿಹಾರಕ್ಕೆ ಹೊರಡುವ ಫಿನ್ಲೆಂಡಿನ ಪ್ರವಾಸಿಗೂ ಒಂದೇ ಅಳತೆಯ ಜಗತ್ತಿದೆ ಎಂದು ಆ ವಾಕ್ಯ ನಂಬಿಸುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಕ್ರಿಯಾಪದ ಕಂಡರೆ ಕರ್ತೃ ಯಾರೆಂದು ಹುಡುಕಲು ಕಲಿತವರು. ಮುಂದಿನ ಸಂಕಿರಣದಲ್ಲಿ ಯಾರಾದರೂ ಈ ಮಾತು ಎತ್ತಿದರೆ ಅದನ್ನೇ ಕೇಳೋಣ.